ಅವರು ಅಂದ್ರೆ ಯಾರು?

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದು ಕೂತಿದ್ದ ಟೈಲರಮ್ಮನಿಗೆ ಪಕ್ಕದ ಬೆಂಚಿನ ಭಾವ-ಭಾವಮೈದುನರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಭಾವ, ನಲ್ಲಿ ನೀರು ಕುಡೀಬೇಡಿ. ಅವರು ಏನೋ ಬೆರೆಸ್ತಿದಾರಂತೆ, ನಮ್ಮ ಗ್ರೂಪಲ್ಲಿ ಬಂದಿದೆ.”

“ಟ್ಯಾಂಕಿನ ಬೀಗದ ಕೈ ಇರೋದು ನನ್ನ ಹತ್ರ ಕಣೋ. ಊರಿಗೆಲ್ಲ ನೀರು ಬಿಡೋನು ನಾನೊಬ್ಬನೇ.”

“ನೀವು ನಮ್ಮವರು ಬಿಡಿ. ನಾನು ಹೇಳಿದ್ದು ಅವರನ್ನ.”

“ಅವರು ಅಂದ್ರೆ ಯಾರಪ್ಪ?”

“ಅದೇ... ಅವರು.”

“ಹಾಗಾದ್ರೆ ನಾನೇ ಅಲ್ವೇನೋ?”

“ಬಿಡ್ತು ಅನ್ನಿ ಭಾವ!”

“ಸರಿ, ಏನೂ ಬೆರೆಸಿಲ್ಲ ಅಂತ ನಿಮ್ಮ ಗ್ರೂಪಲ್ಲಿ ಹಾಕು.”

“ಹಾಕಿದ್ರೆ ನಾನೂ ಅವರೇ ಆಗ್ಬಿಡ್ತೀನಲ್ಲ!”

ಒಳಗಿಂದ ಕರೆದರು. ಇಬ್ಬರೂ ಎದ್ದು ಹೋದರು.

ನೋವಿನ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದ ಟೈಲರಮ್ಮ, ಮನೆಯ ನಲ್ಲಿಯಲ್ಲೇ ತುಂಬಿಸಿಕೊಂಡು ಬಂದ ಬಾಟಲಿ ಎತ್ತಿದವಳು ಹಾಗೇ ಕೂತಳು. ಮಾತ್ರೆ ನಾಲಿಗೆಯ ಮೇಲೆ ಕಹಿಯಾಗಿ ಕರಗತೊಡಗಿತು.