ಕೂಸಿನ ಗುಳಿಗಿ

...ಏಳಾಕ ಆಗವಲ್ದಾ? ಛಲೋ ಆತು. ಕೂಡು ಅತ್ತಿ, ಕೂತು ಕೇಳು! ಮಾತಾಡ್ಸಾಕ ಬಂದ ಮಂದಿ ಮುಂದ ಈಗ ಏನಂದಿ? 'ನನ್ನ ಸೊಸಿ ಕಾಲ್ಗುಣಕ್ಕ ಕೂಸು ಹೋತು' ಅಂದಿ! ಬನವಾಸಿ ತುಂಬ ನನ್ನ ಅತ್ತಿ ನೀಲಗಂಗವ್ವ ಹೇಳಿದ್ದೇ ಖರೇ, ಅಲ್ಲ?

ಯಾಕ ನಗ್ತಿ? ನಗು, ನಗು!

ಸಾಲ್ಯಾಗ ವಿಜ್ಞಾನ ಕಲಿಸಾಕಿ ನಾನು, ನಿನಗೂ ಒಂದು ಪಾಠ ಹೇಳ್ತೀನಿ. ನಮ್ಮ ಮೈಯಾಗ ಮೈಟೊಕಾಂಡ್ರಿಯಾ ಅಂತಿರ್ತಾವ... ಕಣ್ಣಿಗೆ ಕಾಣದ ಸಣ್ಣ ಒಲಿ ಅನ್ಕೋ. ಕೊಲೆಸ್ಟರಾಲ್ ಅನ್ನೋ ಕೊಬ್ಬು ಆ ಒಲಿಯೊಳಗ ಹೋದ್ರನ ಜೀವ ಹಿಡಿಯೋ ಸ್ಟೀರಾಯ್ಡ್ ಹಾರ್ಮೋನ್ ಆಗೋದು. ಒಳಗ ದಾಟಿಸಾಕ ಒಂದು ಪ್ರೋಟೀನ್ ಬೇಕು. ನಮ್ಮ ಕೂಸು ಮಹೇಶ್ವರಿಗೆ ಅದೇ ಕೆಟ್ಟಿತ್ತು! ಆ ದೋಷ ತಾಯಿ ಕಡಿಯಿಂದ ಅರ್ಧ, ತಂದಿ ಕಡಿಯಿಂದ ಅರ್ಧ ಬಂದು ಕೂಡಿದ್ರನ ಈ ಬ್ಯಾನಿ. ನನಗ ನಮ್ಮಪ್ಪನಿಂದ, ನಿನ್ನ ಮಗಗ ನಿನ್ನಿಂದ! ಅಣ್ಣ-ತಂಗಿ ರಕ್ತ ಒಂದೇ ಅಲ್ಲೇನು? 'ಅಣ್ಣನ ಮಗಳ ನಮ್ಮ ಮನಿಗೆ ಬರ್ಲಿ' ಅಂತ ಹಟ ಹಿಡದಾಕಿ ಯಾರು?

ಹಾಂ... ಈಗ ಮಾರಿ ಬೆವರಿತು!

ಆದ್ರೂ ಬದುಕ್ತಿತ್ತು ಕೂಸು. ಮೈಯಾಗ ಆಗದ ಹಾರ್ಮೋನ್ ಗುಳಿಗಿಯಾಗ ಇತ್ತು. ನಾ ಸಾಲಿಗೆ ಹೋದಾಗ ಪುಡಿ ಮಾಡಿ ಹಾಲಾಗ ಹಾಕು ಅಂತ ನಿನ್ನ ಕೈಯಾಗ ಕೊಟ್ಟೆ. ನೀ? ಸ್ಟೀರಾಯ್ಡ್ ಅಂದ್ರ ವಿಷ ಅಂತ ಯಾರೋ ಅಂದ್ರಂತ ಬಚ್ಚಲಕ್ಕ ಒಗದಿ! ವಿಭೂತಿ ಹಚ್ಚಿ ಮಲಗಿಸಿದಿ! ವಾಂತಿ ಮಾಡಿ ಮಾಡಿ, ಅಳಾಕೂ ತ್ರಾಣ ಇಲ್ದಂಗಾಗಿ... ನನ್ನ ತೊಡಿ ಮ್ಯಾಲೆ...

ವಿಷ ಅಂತ! ಮತ್ತ ಇಷ್ಟು ವರ್ಷ ಮೊಣಕಾಲು ನೋವಿಗೆ ನೀ ನುಂಗಿದ್ದು ಏನು? ಅದೂ ಸ್ಟೀರಾಯ್ಡೇ! ಗೊತ್ತಿತ್ತಾ? ದಿನಾ ನುಂಗಿ ನುಂಗಿ ಮೈ ತಾನು ಆ ಹಾರ್ಮೋನ್ ಮಾಡಿಕೊಳ್ಳೋದನ್ನ ಮರತುಬಿಡ್ತೈತಿ. ಆಮ್ಯಾಲೆ ಒಮ್ಮೆಲೇ ನಿಂತ್ರ...

ನಿಂತ್ರ ಏನಾಗ್ತೈತಿ ಅಂತ ಕೇಳು! ಯಾಕ, ಬಾಯಿ ಬಂದಾತಾ? ಊರಿಗೆಲ್ಲ ಬುದ್ಧಿ ಹೇಳಾಕಿ... ಅತ್ತಿ, ತಲಿ ಯಾಕ ವಾಲಿಸ್ತಿ? ಸಾಕು ನಾಟಕ. ಕಣ್ಣು ತಗೀ. ಕಣ್ಣು ತಗೀ ಅಂದೆ... ಕೈ ಯಾಕಿಷ್ಟು ಥಂಡಿ? ಅತ್ತೀ!

ಇಲ್ಲ... ಇಲ್ಲ, ಒಂದೀಟು ಸಂಕಟಾಗ್ಲಿ ಅಂತ ಅಷ್ಟೇ... ಕೂಸಿಗೆ ಆದದ್ದು ನಿನಗೂ ತಿಳೀಲಿ ಅಂತ... ಮಣ್ಣು ಮಾಡಿ ಬಂದ ದಿನದಿಂದ ನಿನ್ನ ಮೊಣಕಾಲಿನ ಗುಳಿಗಿ ತಗದು ಡಬ್ಬಿಯಾಗ ಬರೇ ಕ್ಯಾಲ್ಸಿಯಂ ಗುಳಿಗಿ ತುಂಬಿಟ್ಟಿದ್ದೆ... ಮಾತಾಡು! ಬೈ ನನ್ನ, ಬೈಯಬೇ!

ಏನ್ರೀ! ಓಡಿ ಬರ್ರಿ! ಗಾಡಿ ತಗೀರಿ, ಶಿರಸಿಗೆ ಒಯ್ಯೂಣು... ಅವ್ವಗ ಏನಾತು ಅಂತ ಯಾರನ್ನೂ ಕೇಳಬ್ಯಾಡ್ರಿ. ನನಗ ಗೊತ್ತೈತಿ.