ತವರೂರಿನ ಟೆಂಟು

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿಗೆ ಇಡೀ ಜಿಲ್ಲೆಯೇ ಹತ್ತಿದಂತಿತ್ತು. ಆ ಗದ್ದಲದಲ್ಲೂ ಮುಂದಿನ ಸೀಟಿನ ಗಂಡ ಹೆಂಡತಿಯ ಪಿಸುಮಾತನ್ನು ಹಿಡಿದ ಕಿವಿ ನನ್ನದು. ಇಂಥ ಕಿವಿ ಕರ್ನಾಟಕದಲ್ಲಿ ಇನ್ನೊಂದಿಲ್ಲ.

“ಶನಿವಾರಕ್ಕೆ ಟೆಂಟ್ ಬುಕ್ ಮಾಡೀನಿ. ಒಳಗೆ ಮಂಚ, ಎಸಿ, ಬಿಸಿನೀರು ಎಲ್ಲಾ ಐತೆ. ಗ್ಲಾಂಪಿಂಗ್ ಅಂತಾರೆ.”

“ಅಡಿಗೆ?”

“ಅವರೇ ಮಾಡ್ತಾರೆ. ನೀ ಒಲೆ ಮುಟ್ಟಂಗಿಲ್ಲ.”

“ನನಗೆ ಅಷ್ಟಾದ್ರೆ ಸಾಕು. ಎಲ್ಲಿ ಐತ್ರಿ?”

“ನಿಮ್ಮೂರಾಗೇ. ಭಾನುವಳ್ಳಿ ಕಾಲುವೆ ದಂಡಿಗೆ. ನಿನಗೆ ಖುಷಿ ಆಗ್ಲಿ ಅಂತ.”

ಆಕೆ ಗಂಡನ ಕಡೆ ತಿರುಗಿದ ರಭಸಕ್ಕೆ ಬಸ್ಸಿನ ಎಂಜಿನ್ನೂ ಒಂದು ಗಳಿಗೆ ಉಸಿರು ಹಿಡಿಯಿತು.

“ತವರೂರಿಗೆ ಹೋಗಿ ಟೆಂಟಿನಾಗೆ ಮಲಗಿದ್ರೆ ಬಕ್ಕೇಶಣ್ಣ ಜನ್ಮದಾಗ ನನ್ನ ಮಾತಾಡ್ಸಲ್ಲ.”

“ಹಂಗಾರೆ ಅಣ್ಣನ ಮನೇಲೇ ಉಳಿಯಾಣ ಬಿಡು.”

“ಅಲ್ಲಿ ನಾನೂ ಅತ್ತಿಗೆನೂ ರಾತ್ರಿತನಕ ರೊಟ್ಟಿ ಬಡಿಯಾದೇ ಆಗುತ್ತೆ.”

“ಮತ್ತೇನು ಮಾಡಾಣ?”

ಹರಿಹರ ಬಂತು. ಆಕೆ ನಗುತ್ತ ಎದ್ದಳು.

“ನೀವು ಅಣ್ಣನ ಮನ್ಯಾಗ ಉಳಕಳ್ರಿ. ಅಳಿಯ ಬಂದ ಅಂತ ಎಲ್ಲರಿಗೂ ಖುಷಿ. ಟೆಂಟಿಗೆ ನಾನೂ ಅತ್ತಿಗೆನೂ ಹೋಗ್ತೀವಿ.”

“ನಮಗೆ ರೊಟ್ಟಿ ಯಾರು ಬಡೀತಾರೆ?”

“ಅದನ್ನ ನೀವೂ ಅಣ್ಣನೂ ಒಲೆ ಮುಂದೆ ಕೂತು ಮಾತಾಡ್ಕಳ್ರಿ,” ಎನ್ನುತ್ತ ಇಳಿದಳು. ಗಂಡ ಎರಡೂ ಚೀಲ ಹೊತ್ತು ನಗುತ್ತ ಹಿಂದೆ ಹೋದ.