ಬರಿಗೈಲಿ ಬಂದವಳು

ಲಿಂಗಸುಗೂರಿನ ನಿಜಾಮ ಸರಕಾರದ ದವಾಖಾನೆಯ ಪಡಸಾಲೆಯಲ್ಲಿ ಜ್ವರಕ್ಕೆ ಮುದುಡಿ ಕುಳಿತಿದ್ದ ಮೈಮುನಾಬಿಗೆ, ಪಕ್ಕದ ಹೆಂಗಸರಿಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹಿರಿಯಳ ಹೆಸರು ಹುಲಿಗೆಮ್ಮ. ಕಿರಿಯಳು ಅವಳನ್ನು ಅಕ್ಕ ಎನ್ನುತ್ತಿದ್ದಳು.

“ಮಗ ತೀರಿದ ಮ್ಯಾಲೆ ಸೊಸಿ ನಿನ್ನ ಕೂಡೇ ಅದಾಳೇನಕ್ಕಾ?”

“ಹಿತ್ತಲ್ದಾಗ ಅದಾಳ. ಮೂರು ಕಲ್ಲು ಹೂಡ್ಕೊಂಡು ನುಚ್ಚು ಬೇಸ್ಕೋತಾಳ. ನನ್ನ ಒಲಿ ಮುಟ್ಟಬ್ಯಾಡ ಅಂದೀನಿ.”

“ಮಳಿ ಬಂದ್ರ?”

“ಮೊನ್ನಿ ಬಂತು, ಬೆಂಕಿ ಆರ್ತು. ‘ಅತ್ತಿ, ಒಂದು ಕೆಂಡ ಕೊಡು’ ಅಂತ ಬಾಗಿಲಿಗೆ ಬಂದ್ಳು.”

“ಕೊಡಲಿಲ್ಲೇನು?”

“ಕೊಡದೇನು? ಬೆಂಕಿ ಕೇಳಿದವರಿಗಿ ಇಲ್ಲ ಅನಬಾರದು. ಆದ್ರ ಕೆಂಡ ಒಯ್ಯಾಕ ಎಲ್ಲಾರೂ ಸಗಣಿ ಕುಳ್ಳಿನ ಚೂರು ತರ್ತಾರ. ಈಕಿ ಮರತು ಬರಿಗೈಲಿ ಬಂದಿದ್ಳು.”

“ನೀನ ಒಂದು ಕುಳ್ಳು ಕೊಡಬೇಕಿತ್ತು.”

“ನನ್ನ ಕುಳ್ಳು ಯಾಕ ಕೊಡ್ಲಿ? ಕೈ ಚಾಚು ಅಂದೆ. ಅಂಗೈಯಾಗ ಇಟ್ಟೆ.”

“ಯವ್ವಾ! ಕೆಂಡ ಕೆಳಗ ಒಗದ್ಳೇನು?”

“ಇಲ್ಲ. ತನ್ನ ಕಲ್ಲಿನ ತನಕ ಒಯ್ದ್ಳು. ಹಸಿವಿ ಇತ್ತಲ್ಲ.”

“ಡಾಕ್ಟರ್ ಸಾಬ್ರಿಗಿ ಆ ಕೈ ತೋರಿಸಿದೇನು?”

“ನಾ ಬಂದದ್ದು ನನ್ನ ಮೊಣಕಾಲಿಗಿ.”

ಮೊಣಕಾಲಿಗೆಂದು ಡಾಕ್ಟರು ಕೊಟ್ಟಿದ್ದ ಎಣ್ಣೆಯ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು ಹುಲಿಗೆಮ್ಮ ಎದ್ದಳು. ಕಂಬದ ಕಡೆ ತಿರುಗಿ, “ಏಳು ಬೇ, ಗಂಟು ಹೊತ್ಗೋ” ಎಂದಳು.

ಕಂಬದ ಮರೆಯಿಂದ ಎದ್ದ ಹುಡುಗಿಯ ಬಲಗೈಗೆ ಹಳೆಯ ಅರಿವೆ ಸುತ್ತಿತ್ತು. ಅವಳು ಎಡಗೈಯಿಂದಲೇ ಗಂಟನ್ನು ತಲೆಗೇರಿಸಿಕೊಂಡಳು. ಮೈಮುನಾಬಿ ಕಾಲು ಮಡಚಿ ದಾರಿ ಬಿಟ್ಟಳು.

“ಲಗೂ ನಡಿ,” ಹುಲಿಗೆಮ್ಮ ಮುಗಿಲು ನೋಡಿದಳು. “ಮೋಡ ಆಗೇತಿ. ಒಲಿ ಆರಿದ್ರ ಮತ್ತ ನನ್ನ ಬಾಗಿಲಿಗೇ ಬರ್ತೀ.”